ಅಣ್ಣ ಪೂರ್ತಿ ಹೇಳದ ಮಾತು

ಎಪ್ಪತ್ತೊಂದರ ಯುದ್ಧ ಮುಗಿಸಿ ಅಣ್ಣ ನಮ್ಮೂರು ವಾಡಿಗೆ ಮರಳಿದ ಮೇಲೆ ಮನೆಯಲ್ಲಿ ಕೂರುತ್ತಲೇ ಇರಲಿಲ್ಲ. ರೈಲು ಹತ್ತಿ ನಾಲವಾರದವರೆಗೆ ಹೋಗಿ, ಯಾರನ್ನೂ ಮಾತಾಡಿಸದೆ ವಾಪಸು ಬರುತ್ತಿದ್ದ. ನಾಲ್ಕು ಜನ ಹೊಗಳಿದರೆ ಸರಿಹೋದಾನೆಂದು, ನಾನು ಪಾಠ ಹೇಳುತ್ತಿದ್ದ ಶಾಲೆಯ ಧ್ವಜವಂದನೆಗೆ ಒತ್ತಾಯ ಮಾಡಿ ಕರೆದುಕೊಂಡು ಹೋದೆ.

ಹೆಡ್‌ಮಾಸ್ತರರು ಹಾರ ಹಾಕಿ, "ಎಷ್ಟು ಮಂದಿ ದುಶ್ಮನ್‌ರನ್ನ ಹೊಡದ್ರಿ, ಮಕ್ಕಳಿಗಿ ಹೇಳ್ರಿ" ಎಂದರು.

"ಒಬ್ಬನ್ನ ಹೊಡದಿದ್ದು ನೆನಪದರಿ," ಎಂದ ಅಣ್ಣ. "ಅವ ಎರಡೂ ಕೈ ಮ್ಯಾಲೆತ್ತಿ ನಿಂತಿದ್ದ. ನೋಡಿನೇ ಹೊಡದೆ. ಯಾಕ ಹೊಡದೆ ಅಂತ ಇವತ್ತಿಗೂ..."

ಅಷ್ಟರಲ್ಲಿ ಹೆಡ್‌ಮಾಸ್ತರರು ಮೈಕು ಕಸಿದುಕೊಂಡು ಜೈಕಾರ ಹಾಕಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾತಿಗೆ ಬಾಯಿ ತೆರೆದಿದ್ದ ಅಣ್ಣ ಹಾಗೇ ನಿಂತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಕರೆದು, "ನಿಮ್ಮ ಅಣ್ಣಗ ಜರಾ ತಿಳಿಸಿ ಹೇಳ್ರಿ ಟೀಚರ್. ಇಂಥಾ ದಿನ ಅಂಥಾ ಮಾತು ಆಡಬಾರದು" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಕೇಳಿದವರು ನೀವು ಸರ್. ಕೇಳಿದ ಮ್ಯಾಲ ಪೂರಾ ಕೇಳಬೇಕಿತ್ತರಿ" ಎಂದೆ.

ಅಣ್ಣ ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಕೈಗೆ ಬಂದೂಕು ಕೊಟ್ಟು ಕಳಿಸಿದವರಿಗೂ ಕೊರಳಿಗೆ ಹಾರ ಹಾಕಿದವರಿಗೂ ಅವನ ಶೌರ್ಯ ಬೇಕಾಗಿತ್ತು, ಅವನ ಸಂಕಟ ಯಾರಿಗೂ ಬೇಡವಾಗಿತ್ತು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಅದರಲ್ಲೊಂದು ಪಾಲು ನನ್ನ ಮೇಲೆಯೇ ಇದೆ. ಅವತ್ತು ಮನೆಗೆ ಬಂದ ಮೇಲೆ ನಾನೂ ಅವನು ಅರ್ಧಕ್ಕೆ ಬಿಟ್ಟ ಮಾತೇನೆಂದು ಕೇಳಲಿಲ್ಲ, ಹೆದರಿ ಚಹಾ ಕಾಸಲು ಒಳಗೆ ಹೋದೆ.