ತಂಗಿಯ ಮದುವೆಗೆ ನಾನು ಹಾಕಿಸಿದ ಪ್ಲೇಟು

ಅರ್ಥವಾಗದ ಸಂಗೀತಕ್ಕೆ ಕಣ್ಣು ಮುಚ್ಚಿ ತಲೆದೂಗುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಅರವತ್ತರ ದಶಕದಲ್ಲಿ ಪಾಂಡವಪುರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ಜರ್ಮನಿಗೆ ಹೋಗಿಬಂದ ಗೆಳೆಯನೊಬ್ಬ ನನಗೊಂದು ಗ್ರಾಮಫೋನ್ ಪ್ಲೇಟು ತಂದುಕೊಟ್ಟ. ಯಾರೋ ಪ್ರಯೋಗಶೀಲ ಸಂಗೀತಗಾರನದು. ಪಿಯಾನೋದ ತಂತಿಗಳ ನಡುವೆ ಮೊಳೆ, ತಿರುಪು ಸಿಕ್ಕಿಸಿ ನುಡಿಸಿದ್ದಂತೆ. ಅಟ್ಟದಿಂದ ಪಾತ್ರೆಗಳು ಒಂದೊಂದಾಗಿ ಉರುಳಿದ ಹಾಗೆ ಕೇಳುತ್ತಿತ್ತು. ನಾನು ತಲೆದೂಗಿದೆ.

ನನ್ನ ರಸಿಕತೆ ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅಷ್ಟರಲ್ಲಿ ಬೂಕನಕೆರೆಯಲ್ಲಿ ತಂಗಿ ಜಯಳ ಮದುವೆ ಬಂತು. ಸಿನಿಮಾ ಹಾಡು ಕೂಡದೆಂದು ಹಠ ಹಿಡಿದು, ಪ್ಲೇಟನ್ನು ಮೈಕ್‌ಸೆಟ್ಟಿನ ಬಾಷಾ ಸಾಬರ ಕೈಗಿತ್ತೆ. ಧಾರೆಗೆ ಇನ್ನೂ ಹೊತ್ತಿತ್ತು. ಹೆಣ್ಣುಗಂಡು ಹಸೆಯ ಮೇಲೆ ಕೂತಿದ್ದರು.

ತೆಂಗಿನಮರಕ್ಕೆ ಕಟ್ಟಿದ್ದ ಹಾರ್ನು ಕಿರ್ರೆಂದಿತು, ಢಣಾರೆಂದಿತು.

ಗಂಡಿನ ಸೋದರಮಾವ ಎದ್ದುನಿಂತರು. "ಏನ್ಲಾ ಇದು, ಒಳ್ಳೆ ಕೆಲ್ಸದಲ್ಲಿ ಇಂಗೆ ಒಡ್ಕೊಳೋ ಸದ್ದು! ಅಪಸಕುನ ಕಣ್ಲಾ. ಏಳ್ಲಾ ಮೊಗ!" ಎಂದು ಗಂಡಿನ ತೋಳು ಹಿಡಿದರು. ನಮ್ಮಪ್ಪನ ಮುಖ ಬಿಳಿಚಿಕೊಂಡಿತು.

ಬಾಷಾ ಸಾಬರು ಓಡಿಬಂದು ಕೈಮುಗಿದರು. "ತಪ್ಪು ನಂದೇ ಸಾಮಿ. ಪ್ಲೇಟಿನ ಮುಳ್ಳು ಸವೆದೋಗ್ಬುಟ್ಟದೆ. ಈಗ್ಲೇ ಬದಲಾಯಿಸ್ಬುಡ್ತೀನಿ."

ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು, ನಾನೊಬ್ಬನನ್ನು ಬಿಟ್ಟು. ನಮ್ಮನ್ನು ಉಳಿಸಲು ಆ ಪುಣ್ಯಾತ್ಮ ಹೇಳಿದ ಸುಳ್ಳನ್ನು ನನ್ನ ರಸಿಕತೆ ಸಹಿಸಲಿಲ್ಲ. ಮೈಕು ಕಸಿದುಕೊಂಡು, "ಮುಳ್ಳು ಚೆನ್ನಾಗೇ ಇದೆ, ಸಂಗೀತವೇ ಹೀಗೆ!" ಎಂದೆ. ಅಷ್ಟರಲ್ಲಿ ಪ್ಲೇಟು ತಿರುಗುತ್ತಲೇ ಸದ್ದು ನಿಲ್ಲಿಸಿತು. "ಈಗ ತಾವು ಕೇಳುತ್ತಿರುವುದು ಮೌನ," ಎಂದು ವಿವರಣೆಯನ್ನೂ ಕೊಟ್ಟೆ. ಮಾವ ಮತ್ತೆ ತೋಳು ಎಳೆದರು.

ಜಯ ಕಿಸಕ್ಕನೆ ನಕ್ಕಳು. ಬೆಳಗಿನಿಂದ ತಲೆ ಎತ್ತದೆ ಕೂತಿದ್ದವಳು, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾರದೆ ನಕ್ಕಳು. ಗಂಡು ತಿರುಗಿ ನೋಡಿದ. ಅವನಿಗೂ ನಗು ಬಂತು.

"ಕುಂತ್ಕೊ ಮಾವ," ಎಂದ. "ಏನೂ ಆಗಿಲ್ಲ."

ಗಂಡೇ ಏಳದಿದ್ದ ಮೇಲೆ ಮಾವ ತಾನೇ ಏನು ಮಾಡಿಯಾರು? ಕೂತರು.

ಮೊದಲ ವರ್ಷದ ಹಬ್ಬಕ್ಕೆ ನಮ್ಮ ಮನೆಗೆ ಬಂದ ಜಯಳ ಗಂಡನನ್ನು ಕೇಳಿದೆ: ಆ ಪ್ಲೇಟಿನಲ್ಲಿ ನಿನಗೇನಾದರೂ ಹಿಡಿಸಿತೇನಪ್ಪ?

"ಸದ್ದೇ ಇರ್ನಿಲ್ವಲ್ಲ ಬಾವ, ಆ ಜಾಗ," ಎಂದ. "ಅದ್ಕೇ ಅಲ್ವಾ, ಇವಳು ನಕ್ಕಿದ್ದು ನಂಗೆ ಕೇಳ್ಸಿದ್ದು."

ಮೌನದ ಮಹತ್ವದ ಬಗ್ಗೆ ನನ್ನ ಬಳಿ ಭಾರಿ ಭಾಷಣವೊಂದು ಸಿದ್ಧವಿತ್ತು. ಬಾಯಿಯನ್ನೂ ತೆರೆದೆ. ಆಮೇಲೆ ಯಾಕೋ, "ಎಲೆ ಹಾಕಿದ್ದಾರೆ, ಊಟಕ್ಕೇಳು," ಎಂದಷ್ಟೇ ಹೇಳಿದೆ.