ಪಿ.ಟಿ. ಟೀಚರ್‌ಗೆ ಬಂದದ್ದು ಪೈಲ್ಸ್ ಅಲ್ಲ

ಮೊನ್ನೆ ಶ್ರೀನಿವಾಸಪುರದ ಮೆಡಿಕಲ್ ಸ್ಟೋರಿನಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು ದನಿ ತಗ್ಗಿಸಿ ಪೈಲ್ಸ್ ಮುಲಾಮು ಕೇಳಿದರು. ಅಂಗಡಿಯವನು ಒಂದು ಮಾತೂ ಕೇಳದೆ ಟ್ಯೂಬ್ ಕೊಟ್ಟ. ಅವರು ಮುಚ್ಚಳ ತಿರುಗಿಸಿ ನೋಡಿದಾಗ ಕರ್ಪೂರ ಬೆರೆತ ಆ ವಾಸನೆ... ನಮ್ಮ ಪಿ.ಟಿ. ಟೀಚರ್ ಕೈಚೀಲದಿಂದ ಬರುತ್ತಿದ್ದ ವಾಸನೆ. ಹಳೆಯ ಸಿಟ್ಟು ಮತ್ತೆ ಮೈಗೇರಿತು.

ಮುಳಬಾಗಿಲಿನ ಹೈಸ್ಕೂಲಿನಲ್ಲಿ ಟೀಚರ್ ನಮಗೆ ಖೊಖೊ ಕಲಿಸಿದವರು. ಆಂಧ್ರದ ಗಡಿಗೆ ಹತ್ತಿರದ ಬೈರಕೂರಿನ ಕಡೆಯಿಂದ ಬರುತ್ತಿದ್ದ ಹುಡುಗಿಯರನ್ನು ಆಟಕ್ಕೆ ಬಿಡುವುದಿಲ್ಲ ಎಂದ ಅಪ್ಪಂದಿರ ಮನೆ ಬಾಗಿಲಿಗೇ ಹೋಗಿ, ತೆಲುಗಿನಲ್ಲಿ ಜಗಳವಾಡಿ ಕರೆತರುತ್ತಿದ್ದರು. ಮುಂದೆ ನಾನೂ ಅದೇ ಶಾಲೆಗೆ ಟೀಚರಾಗಿ ಸೇರಿದೆ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದಾಯಿತು.

ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ನನಗೆ ಹೇಳುವಷ್ಟರಲ್ಲಿ ಅವರು ಎಷ್ಟೋ ಸಲ ಊರಿನ ಕ್ಲಿನಿಕ್ಕಿಗೆ ಹೋಗಿ ಬಂದಿದ್ದರು. ಅಲ್ಲಿನ ಡಾಕ್ಟರು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಕುರ್ಚಿಯಿಂದ ಏಳದೆಯೇ ಪೈಲ್ಸ್ ಎಂದರು, ಖಾರ ಕಮ್ಮಿ ಮಾಡಿ ಎಂದರು, ಮುಲಾಮು ಬರೆದರು. ಸಂಕೋಚದ ಜಾಗ, ಹೆಂಗಸು ಬೇರೆ... ಇವರೂ ಒತ್ತಾಯಿಸಲಿಲ್ಲ. ವರ್ಷ ಕಳೆಯಿತು.

ಮೈ ಇಳಿದು, ಮೈದಾನದಲ್ಲಿ ನಿಲ್ಲಲೂ ಆಗದ ಹೊತ್ತಿಗೆ ನಾನೇ ಬೆಂಗಳೂರಿಗೆ ಕರೆದೊಯ್ದೆ. ಗುದದ್ವಾರಕ್ಕಿಂತ ಸ್ವಲ್ಪ ಮೇಲೆ, ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ. ಅಲ್ಲಿಯ ಸರ್ಜನ್ ಸ್ಕ್ಯಾನ್ ತೋರಿಸಿ ಬಿಡಿಸಿ ಹೇಳಿದರು. ಗಡ್ಡೆ ಹುಟ್ಟುವುದು ಕರುಳಿನ ಒಳಪದರದಲ್ಲಿ. ಗೋಡೆಯನ್ನು ಕೊರೆದು ಹೊರಬಂದರೆ ಸುತ್ತ ಕೊಬ್ಬು, ಕೊಬ್ಬಿನೊಳಗೆ ಲಿಂಫ್ ನೋಡ್ ಎನ್ನುವ ದುಗ್ಧಗ್ರಂಥಿಗಳು, ಸಣ್ಣ ರಕ್ತನಾಳಗಳು. ಹರಡಲು ಅವೇ ದಾರಿ. ಆ ಕೊಬ್ಬನ್ನು ಸುತ್ತಿಕೊಂಡು ತೆಳುವಾದ ಪೊರೆಯೊಂದಿದೆ. ಟೀಚರ್ ಮೈಯಲ್ಲಿ ಆ ಪೊರೆ ಬಹಳ ಕಾಲ ರೋಗವನ್ನು ತಡೆದು ಹಿಡಿದಿತ್ತಂತೆ. ಈಗ ಅದೂ ಸೋತು, ಗಡ್ಡೆ ಗರ್ಭಕೋಶಕ್ಕೆ ಅಂಟಿಕೊಂಡಿತ್ತು, ಲಿವರಿನಲ್ಲೂ ಕಲೆ ಕಾಣುತ್ತಿತ್ತು.

ಟೀಚರ್ ಸ್ಕ್ಯಾನನ್ನು ನನ್ನ ಕೈಗೆ ಕೊಟ್ಟು, "ಆ ಪೊರೆಗಿದ್ದ ಜವಾಬ್ದಾರಿ ನಮ್ಮೂರ ಡಾಕ್ಟ್ರಿಗೆ ಇರ್ಲಿಲ್ಲ ಕಣೇ" ಎಂದರು.

ಆಪರೇಷನ್ ಆಯಿತು. ಹೊಟ್ಟೆಯ ಪಕ್ಕಕ್ಕೆ ಮಲದ ಚೀಲ ಕಟ್ಟಿದರು. ನಡೆಯುವಂತಾದ ಕೂಡಲೇ ನನ್ನ ಭುಜ ಹಿಡಿದುಕೊಂಡು ಆ ಕ್ಲಿನಿಕ್ಕಿಗೆ ಹೋದರು. ಡಾಕ್ಟರು, ಹಣೆಬರಹಕ್ಕೆ ಯಾರೇನು ಮಾಡೋಕಾಗುತ್ತೆ ಎಂದು ಎದ್ದು ನಿಂತರು. ಟೀಚರ್ ಬಾಗಿಲಿಗೆ ಬಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರ ಕಡೆ ತಿರುಗಿ, ಸೆರಗು ಸರಿಸಿ ಚೀಲ ತೋರಿಸಿದರು.

"ರಕ್ತ ಹೋದ್ರೆ ಪೈಲ್ಸ್ ಅಂದ ತಕ್ಷಣ ಎದ್ದು ಬರ್ಬೇಡಿ. ಪರೀಕ್ಷೆ ಮಾಡಿ ಅಂತ ಕೇಳಿ. ನಾನು ನಾಚ್ಕೊಂಡು ಕೇಳ್ಲಿಲ್ಲ."

ಮುಂದಿನ ಮಾವಿನ ಸುಗ್ಗಿಗೆ ಅವರಿರಲಿಲ್ಲ...

ಈ ವರ್ಷದ ತಿಥಿಗೆ ಹೋಗಿದ್ದೆ. ಅವರ ತಮ್ಮ ಬಂದವರಿಗೆಲ್ಲ, ಅಕ್ಕ ಪೈಲ್ಸ್ ಜಾಸ್ತಿಯಾಗಿ ಹೋದಳು ಎಂದು ಹೇಳುತ್ತಿದ್ದರು. ಅಲ್ಲ, ಕರುಳಿನ ಕ್ಯಾನ್ಸರ್ ಎಂದೆ, ಎಲ್ಲರಿಗೂ ಕೇಳುವಂತೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಹೆಣ್ಮಕ್ಕಳಿಗೆ ಸಂಬಂಧ ನೋಡ್ತಾ ಇದ್ದೀವಮ್ಮ, ಆ ಹೆಸರು ಎತ್ಬೇಡ" ಎಂದರು. ಒಡಹುಟ್ಟಿದವರು ತಪ್ಪದೆ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಸರ್ಜನ್ ಹೇಳಿದ್ದರಲ್ಲ, ಮಾಡಿಸಿದಿರಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದು ಹೇಳಿ ಎಲೆ ಹಾಕಿಸಲು ಹೋದರು.

ಊಟಕ್ಕೆ ಕೂರದೆ ಬಸ್ಸು ಹತ್ತಿದೆ. ಟೀಚರ್ ಇದ್ದಿದ್ದರೆ ತಮ್ಮನ ಕಿವಿ ಹಿಡಿದು ಅಂದೇ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದರು. ನನ್ನ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ.