ಅತ್ತೆಯ ಕತ್ತಿನ ಗಂಟೂ ಒಬ್ಬ ಸೀರಿಯಲ್ ಕಿಲ್ಲರೂ

ನಮ್ಮ ಅತ್ತೆಗೆ ಎಪ್ಪತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯುವ ಹಟ ಹಿಡಿದದ್ದು ಆಸ್ಪತ್ರೆಯಲ್ಲಿ. ಕತ್ತಿನಲ್ಲಿ ಬೋರೆಹಣ್ಣಿನ ಗಾತ್ರದ ಗಂಟೊಂದು ಎದ್ದಿತ್ತು. ದೊಡ್ಡ ಡಾಕ್ಟರು ಅದನ್ನು ಒತ್ತಿ ನೋಡಿ, ಮಾತಾಜಿ ಊಟ ಸೇರುತ್ತಾ, ನಿದ್ದೆ ಬರುತ್ತಾ ಎಂದು ಹಿಂದಿಯಲ್ಲಿ ಕೇಳಿದರು. ಆಮೇಲೆ ಪಕ್ಕದಲ್ಲಿದ್ದ ಕಿರಿಯ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಕೊನೆಗೆ ನನ್ನ ಗಂಡನನ್ನು ಬಾಗಿಲಾಚೆ ಕರೆದು, ಸ್ವಲ್ಪ ದಿನ ನೋಡೋಣ, ಬೆಳೆದರೆ ಸೂಜಿ ಹಾಕಿ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಮುದುಕಿಗೆ ಏನೂ ಹೇಳಬೇಡಿ ಎಂದರು.

ಮುದುಕಿಯ ಕಿವಿ ಚುರುಕು. ಕಾಶಿಯ ಜಂಗಮವಾಡಿಯ ನಮ್ಮ ಮನೆಗೆ ಬರುವಾಗ ರಿಕ್ಷಾದಲ್ಲಿ ಕುದಿಯುತ್ತಿದ್ದಳು. "ರೋಗಿಗೆ ಹಿಂದಿ, ರೋಗಕ್ಕ ಇಂಗ್ಲಿಷ್. ಕತ್ತು ನಂದು, ಸುದ್ದಿ ಮಾತ್ರ ಮಂದೀದು. ಮುಂದಿನ ಸಲ ಅವ್ರು ಏನಂತಾರ ನಾನ ಕೇಳ್ಕೋತೀನಿ. ನೀ ನನಗ ಇಂಗ್ಲಿಷ್ ಕಲಿಸವ್ವಾ."

"ಆತ್ರೀ ಅತ್ತಿ" ಎಂದೆ. ಬೇರೆ ಏನನ್ನಲಿ?

ನನ್ನ ಗಂಡನ ನೌಕರಿಗಾಗಿ ನಾವು ಕಾಶಿಗೆ ಬಂದವರು. ಮಾವ ತೀರಿಕೊಂಡ ಮೇಲೆ ವಿಜಾಪುರದ ಕಡೆಯ ಹಳ್ಳಿಯಿಂದ ಅತ್ತೆಯೂ ಬಂದಳು. ನಮ್ಮ ಮನೆಗಲ್ಲ, ಸಾಯುವುದಕ್ಕೆ. ಹಾಗೆಂದು ಅವಳೇ ಹೇಳುತ್ತಿದ್ದಳು, ತರಕಾರಿಯವನನ್ನೂ ಬಿಡದೆ. ಕಿತ್ತುಹೋದ ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿಕೊಂಡು ಓಡಾಡುವಳು. ಹೊಸದು ತರೋಣ ಎಂದರೆ ಒಂದೇ ಮಾತು: "ಸಾಯಾಕ ಬಂದಾಕಿಗೆ ಹೊಸಾವ್ಯಾಕ?" ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ನಾನು ಬಿ.ಎ. ಮಾಡಿದವಳು. ಇಂಗ್ಲಿಷ್ ಮಾತ್ರ ಎರಡನೇ ಸಲಕ್ಕೆ ಪಾಸು. ಮಕ್ಕಳ ಚಿತ್ರದ ಪುಸ್ತಕ ತಂದು ಆ್ಯಪಲ್, ಬಾಲ್ ಎಂದು ಶುರು ಮಾಡಿದೆ. ಅತ್ತೆ ಪುಸ್ತಕ ಮುಚ್ಚಿದಳು. "ನನ್ನ ಕತ್ತಿನಾಗ ಆ್ಯಪಲ್ ಐತಿ ಅಂತಾರೇನು ಡಾಕ್ಟರು?"

ಅವಳಿಗೆ ನಿಜವಾದ ಗುರು ಸಿಕ್ಕಿದ್ದು ನನ್ನ ಕೆಟ್ಟ ಚಟದಿಂದ. ರೊಟ್ಟಿ ಬಡಿಯುವಾಗ ನಾನು ಮೊಬೈಲಿನಲ್ಲಿ ಒಬ್ಬ ವಿದೇಶಿಯ ಮಾತು ಕೇಳುತ್ತಿದ್ದೆ. ಅವನದು ಸೀರಿಯಲ್ ಕಿಲ್ಲರ್‌ಗಳ ಕಥೆ. ಬರೀ ಕಥೆಯಾದರೆ ಹೋಗಲಿ, ಸಿಕ್ಕಿಬಿದ್ದವನು ಅಸಲಿ ಕೊಲೆಗಾರನೇ ಅಲ್ಲ, ಪೊಲೀಸರು, ಪೇಪರಿನವರು, ಸರ್ಕಾರ ಎಲ್ಲ ಸೇರಿ ಸತ್ಯ ಮುಚ್ಚಿಟ್ಟಿದ್ದಾರೆ ಎಂಬ ವಾದ. ಪುಣ್ಯಾತ್ಮ ನಿಧಾನವಾಗಿ ಮಾತಾಡುತ್ತಾನೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ.

ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ಕಿವಿ ನಿಮಿರಿಸಿದಳು. "ಯಾವ ಸೀರಿಯಲ್ ಅದು?"

"ಟಿವಿದಲ್ರೀ ಅತ್ತಿ. ಸಾಲಾಗಿ ಕೊಲಿ ಮಾಡವನ ಕಥಿ."

"ಹೌದವಾ, ಕೊನೀಗೆ ಅತ್ತಿ ಸಾಯ್ತಾಳೋ ಸೊಸಿ ಸಾಯ್ತಾಳೋ, ಅದನ್ನ ಹೇಳು."

ಅಂದಿನಿಂದ ದಿನಾ ಮಧ್ಯಾಹ್ನ ಪಾಠ. ವಿಕ್ಟಿಮ್, ಸಸ್ಪೆಕ್ಟ್, ವಿಟ್ನೆಸ್, ಅಲಿಬೈ. ಆ್ಯಪಲ್ ಬಾಯಿಗೆ ಬರದ ಹೆಂಗಸಿಗೆ ಇವೆಲ್ಲ ವಿಭೂತಿ ಹಚ್ಚಿಕೊಂಡಷ್ಟು ಸಲೀಸು. ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಎವಿಡೆನ್ಸ್. ಪೊಲೀಸರು ನೋ ಎವಿಡೆನ್ಸ್ ಅಂದರು ಎಂದು ಹೇಳುವಾಗಲೆಲ್ಲ ಆ ವಿದೇಶಿ ಮೂಗಿನಲ್ಲೇ ನಗುತ್ತಿದ್ದ. ಅತ್ತೆ ನನಗೆ ಅರ್ಥ ಬಿಡಿಸಿ ಹೇಳಿದಳು: "ನೋ ಎವಿಡೆನ್ಸ್ ಅಂದ್ರ, ಮುಚ್ಚಿ ಹಾಕ್ಯಾರ ಅಂತ ತಿಳ್ಕೋ."

ಕಲಿತದ್ದು ಒಳಗೆ ಕೂರುತ್ತದೆಯೇ? ಮರುವಾರ ಹಾಲಿನವನನ್ನು ಬಾಗಿಲಲ್ಲಿ ತಡೆದು, "ಪಾನೀ ಕಾ ಸಸ್ಪೆಕ್ಟ್ ತುಮ್ ಹೈ" ಎಂದಳು. ಅವನು ಏನೂ ತಿಳಿಯದೆ ಹೆಗಲ ಮೇಲಿನ ಗಮ್ಛಾ ಸರಿಪಡಿಸಿಕೊಂಡ. "ನೋಡಿದೇನ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ" ಎಂದು ನನ್ನನ್ನು ಕರೆದು ತೋರಿಸಿದಳು. ಇನ್ನೊಂದು ಸಂಜೆ ದಶಾಶ್ವಮೇಧ ಘಾಟಿನಲ್ಲಿ, ಜೊತೆಯವರನ್ನು ಕಳೆದುಕೊಂಡು ಅತ್ತಿತ್ತ ನೋಡುತ್ತಿದ್ದ ಬಿಳಿಯ ಹುಡುಗಿಯೊಬ್ಬಳ ಕೈ ಹಿಡಿದು ಸಮಾಧಾನ ಮಾಡಿದಳು. "ಫ್ರೆಂಡ್ಸ್ ಲಾಸ್ಟ್ ಸೀನ್ ವೇರ್? ಡೋಂಟ್ ವರಿ. ಬಾಡಿ ವಿಲ್ ಬಿ ಫೌಂಡ್." ಆ ಹುಡುಗಿ ಕೈ ಕೊಸರಿಕೊಂಡು ಓಡಿದ ಓಟಕ್ಕೆ ದಾರಿಯ ಹಸುವೇ ಪಕ್ಕಕ್ಕೆ ಸರಿಯಿತು. ನಾನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಒಳ್ಳೇದಕ್ಕ ಕಾಲ ಇಲ್ಲ" ಎಂದು ಅತ್ತೆ ಮುಖ ಊದಿಸಿಕೊಂಡಳು.

ಗಂಟು ಮಾತ್ರ ನಗಲಿಲ್ಲ, ಬೆಳೆಯಿತು. ಸೂಜಿ ಹಾಕಿ ಒಳಗಿನದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವವರೆಗೆ ನನ್ನ ಗಂಡ ತಾಯಿಯ ಮುಖ ನೋಡುವುದನ್ನೇ ಬಿಟ್ಟರು. ನನಗೋ ಮೂಗಿನ ಮೇಲೇ ಕೋಪ. ಹಾಲು ಉಕ್ಕಿದರೆ ಬೈದೆ, ಕರೆಂಟು ಹೋದರೆ ಬೈದೆ. ಹೆದರಿಕೆ ಬಂದರೆ ನನಗೆ ಅಳು ಬರುವುದಿಲ್ಲ, ಬೈಗಳು ಬರುತ್ತವೆ. ಅತ್ತೆ ಮಾತ್ರ ಬತ್ತಿ ಹೊಸೆಯುತ್ತ, ಸಾಯಾಕ ಬಂದಾಕಿಗೆ ಎಂಥಾ ಅಂಜಿಕಿ ಎನ್ನುತ್ತಿದ್ದಳು.

ರಿಪೋರ್ಟಿನ ದಿನ ಗಂಡನಿಗೆ ರಜೆ ಸಿಗಲಿಲ್ಲ. ನಾವಿಬ್ಬರೇ ಹೋದೆವು. ದೊಡ್ಡ ಡಾಕ್ಟರು ಕಾಗದ ನೋಡಿದರು, ಕಿರಿಯರ ಕಡೆ ತಿರುಗಿದರು, ವಾಡಿಕೆಯಂತೆ ಇಂಗ್ಲಿಷಿಗೆ ಇಳಿದರು. "ನೋ ಎವಿಡೆನ್ಸ್ ಆಫ್..." ಎಂದು ಶುರುವಾದ ಮಾತಿನ ಕೊನೆಯ ಪದ ನಮ್ಮ ವಿದೇಶಿ ಕಲಿಸಿರಲೇ ಇಲ್ಲ.

ಅತ್ತೆ ನನ್ನ ತೋಳು ಚಿವುಟಿದಳು. "ಮುಚ್ಚಿ ಹಾಕಾಕತ್ಯಾರ."

ನಾನು ಬುದ್ಧಿ ಇರುವವಳು, ಬಿ.ಎ. ಮಾಡಿದವಳು. ಆದರೂ ಅಷ್ಟು ದಿನ ಆ ಮೂಗಿನ ನಗು ಕೇಳಿದ್ದೆನಲ್ಲ, ನಾನೂ ಅದನ್ನೇ ನಂಬಿದೆ. ಮುಗಿಯಿತು, ಇವರು ಹೇಳುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದು ನಿಂತಿದ್ದಳು. ಸೆರಗು ಸರಿಮಾಡಿಕೊಂಡು, ಕತ್ತಿನ ಗಂಟಿಗೆ ಬೆರಳಿಟ್ಟು, ಒಂದೊಂದೇ ಪದ ಹೇಳಿದಳು.

"ಡಾಕ್ಟರ್. ಟೆಲ್ ಟ್ರುತ್. ಐ ಆ್ಯಮ್ ದ ವಿಕ್ಟಿಮ್. ಹೂ ಈಸ್ ದ ಕಿಲ್ಲರ್?"

ಕಿರಿಯ ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ದೊಡ್ಡವರು "ಮಾತಾಜಿ, ಐಸಾ ಹೈ ಕಿ" ಎಂದು ಶುರು ಮಾಡಿದರೆ ಅತ್ತೆ ಕಡ್ಡಿ ಮುರಿದಂತೆ "ನೋ ಹಿಂದಿ" ಎಂದಳು. ಅವರು ಕನ್ನಡಕ ತೆಗೆದಿಟ್ಟು ಅತ್ತೆಯನ್ನು ನೋಡಿದರು. ಅವರು ಗಂಟನ್ನು ಬಿಟ್ಟು ಅವಳ ಮುಖ ನೋಡಿದ್ದು ಅದೇ ಮೊದಲು.

"ಮಾತಾಜಿ," ಎಂದರು ನಿಧಾನವಾಗಿ, "ದೇರ್ ಈಸ್ ನೋ ಕಿಲ್ಲರ್."

ಅಷ್ಟೂ ಪದ ಅತ್ತೆಗೆ ಬರುತ್ತಿದ್ದವು. ನನ್ನ ಕಡೆ ತಿರುಗಿ ಅರ್ಥ ಕೇಳಲಿಲ್ಲ. ಕುರ್ಚಿಯಲ್ಲಿ ಮೆಲ್ಲಗೆ ಕೂತಳು. ಸಾಯಲಿಕ್ಕೆಂದೇ ಬಂದವಳ ಕೈ ಸೆರಗನ್ನೇ ಬತ್ತಿಯಂತೆ ಹೊಸೆಯುತ್ತಿತ್ತು. ಆಗ ನನಗೆ ತಿಳಿಯಿತು, ಇವಳು ಇಷ್ಟು ದಿನ ನನಗಿಂತ ಹೆಚ್ಚು ಹೆದರಿದ್ದಳು. ನಾನು ಆ ಕೈ ಹಿಡಿದುಕೊಂಡೆ. ಬೈಯಲಿಕ್ಕೆ ಯಾರೂ ಇರಲಿಲ್ಲ, ಅತ್ತುಬಿಟ್ಟೆ. ಡಾಕ್ಟರು ಆಮೇಲೆ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದರು: ಅದು ಕ್ಯಾನ್ಸರಿನ ಗಂಟಲ್ಲ, ಹಾಗೇ ಇದ್ದರೂ ತೊಂದರೆಯಿಲ್ಲ, ಆಗಾಗ ಬಂದು ತೋರಿಸಬೇಕು. ಅತ್ತೆ ಹೂಂ ಹೂಂ ಎಂದಳು.

ಬರುವಾಗ ಗೋದೌಲಿಯಾದಲ್ಲಿ ರಿಕ್ಷಾ ನಿಲ್ಲಿಸಿದಳು. ಇಳಿದು ಚಪ್ಪಲಿ ಅಂಗಡಿಗೆ ಹೋದಳು. ಒಂದನ್ನು ಬಗ್ಗಿಸಿ ನೋಡಿದಳು, ಇನ್ನೊಂದರ ಹೊಲಿಗೆ ಎಳೆದು ನೋಡಿದಳು, ಮೂರನೆಯದನ್ನು ಮೆಟ್ಟಿ ಅಂಗಡಿ ತುಂಬ ನಡೆದಾಡಿದಳು. "ಭೈಯಾ, ಬಹುತ್ ಸಾಲ್ ಚಲನಾ" ಎಂದು, ಬಹಳ ವರ್ಷ ಬಾಳಿಕೆ ಬರಬೇಕೆಂದು, ಅಂಗಡಿಯವನಿಗೆ ತಾಕೀತು ಮಾಡಿದಳು.

ನಾನು ಬಿಡುತ್ತೇನೆಯೇ? "ಯಾಕ್ರೀ ಅತ್ತಿ, ಸಾಯಾಕ ಬಂದಾಕಿಗೆ ಹೊಸಾವ್ಯಾಕ?"

ಅತ್ತೆ ಹಳೆಯ ಚಪ್ಪಲಿಯಿಂದ ಪಿನ್ನು ಬಿಚ್ಚಿ ಸೆರಗಿಗೆ ಸಿಕ್ಕಿಸಿಕೊಂಡಳು.

"ಸಾಯಾಕ ಬಂದೀನಿ ಅನ್ನಾಕ ಎವಿಡೆನ್ಸ್ ಎಲ್ಲೈತಿ?" ಎಂದಳು.